ಮುಳ್ಳಿನ ತುದಿಯಿಂದ ಕಿವಿಯ ತನಕ

ಅಜ್ಜನ ಕಾಲದ ಗ್ರಾಮಫೋನು ತಟ್ಟೆಗಳು ಅಟ್ಟದಿಂದ ಕೆಳಗಿಳಿಯುತ್ತಿರುವ ಕಾಲವಿದು. ಜೇಬಿನ ದೂರವಾಣಿಯಲ್ಲಿಯೇ ಸಂಗೀತವನ್ನು ಕೇಳಿ ಬೆಳೆದ ತರುಣರು ಈಚೆಗೆ ಕಪ್ಪು ತಟ್ಟೆಗಳನ್ನು ಹುಡುಕಿಕೊಂಡು ಹೊರಟಿದ್ದಾರೆ. ಅಮೆರಿಕ ದೇಶದಲ್ಲಿ ೨೦೨೨ನೆಯ ಇಸವಿಯಲ್ಲಿ ಮಾರಾಟವಾದ ತಟ್ಟೆಗಳ ಸಂಖ್ಯೆ ಸಿ.ಡಿ.ಗಳ ಸಂಖ್ಯೆಯನ್ನು ಮೀರಿತು. ೧೯೮೭ರಿಂದೀಚೆಗೆ ಹಾಗಾದುದು ಅದೇ ಮೊದಲು. ನಮ್ಮ ನಾಡಿನ ಹಳೆಯ ಮನೆಗಳಲ್ಲಿಯೂ, ಮುರಿದ ತೊಟ್ಟಿಲು ಹಿತ್ತಾಳೆಯ ಹಂಡೆಗಳ ನಡುವೆ, ಕಾಗದದ ಚೀಲದಲ್ಲಿ ಸುತ್ತಿಟ್ಟ ಸಂಗೀತ ಇನ್ನೂ ಉಳಿದಿದೆ. ಅದರಲ್ಲಿ ಕೆಲವು ಹಾಡುಗಳು ಬೇರೆಲ್ಲಿಯೂ ದೊರೆಯಲಾರವು. ತಟ್ಟೆ ಹಾಳಾದರೆ ಹಾಡೂ ಹೋದಂತೆಯೇ.

ಇಂತಹ ತಟ್ಟೆಗಳೂ, ಒಂದು ಹಳೆಯ ಪ್ಲೇಯರೂ, ಸ್ವಲ್ಪ ಹಣವೂ ಕೈಗೆ ಬಂದ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನು ಅಂಗಡಿಗೆ ಹೋಗುತ್ತಾನೆ. ಅಲ್ಲಿ ಮುಳ್ಳುಗಳುಂಟು, ಆಂಪ್ಲಿಫೈಯರುಗಳುಂಟು, ಸ್ಪೀಕರುಗಳುಂಟು. ಹಾವಿನಷ್ಟು ದಪ್ಪನಾದ, ರೇಷ್ಮೆಯ ಹೊದಿಕೆಯ ತಂತಿಗಳುಂಟು. ಪೆಟ್ಟಿಗೆಯ ಕೆಳಗಿಡುವ ಹಿತ್ತಾಳೆಯ ಮೊಳೆಗಳೂ ಉಂಟು. ಪ್ರತಿಯೊಂದರ ಮೇಲೆಯೂ ‘ಹೈ-ಫೈ’ ಎಂಬ ಹಣೆಪಟ್ಟಿಯಿದೆ. ಹೈ ಫಿಡೆಲಿಟಿ ಎಂದರೆ ಮೂಲಕ್ಕೆ ಉನ್ನತವಾದ ನಿಷ್ಠೆ. ವಾದ್ಯದಿಂದ ಹೊರಟ ನಾದವು ಕೂಡದೆ ಕಳೆಯದೆ ನಮ್ಮ ಕಿವಿಗೆ ಮುಟ್ಟಬೇಕೆಂಬ ಆದರ್ಶ. ಇವುಗಳಲ್ಲಿ ಯಾವುದು ಈ ನಿಷ್ಠೆಗೆ ನಿಜವಾಗಿ ಸಹಾಯಕ, ಯಾವುದು ಬರಿಯ ಅಲಂಕಾರ ಎಂಬುದನ್ನು ಅವನು ಹೇಗೆ ತಿಳಿಯಬೇಕು?

ಇದಕ್ಕೆ ಭೌತಶಾಸ್ತ್ರದಲ್ಲಿ ಒಂದು ಸುಲಭವಾದ ದಾರಿಯಿದೆ. ತಟ್ಟೆಯ ಗೀರಿನಲ್ಲಿ ಅಡಗಿರುವ ಅಂಕುಡೊಂಕು ಮುಳ್ಳನ್ನು ಅಲುಗಿಸುತ್ತದೆ. ಅಲುಗಾಟವು ಪಿಕಪ್ಪಿನಲ್ಲಿ ವಿದ್ಯುತ್ತಾಗುತ್ತದೆ. ವಿದ್ಯುತ್ತು ಆಂಪ್ಲಿಫೈಯರಿನಲ್ಲಿ ಬಲಗೊಂಡು, ತಂತಿಯಲ್ಲಿ ಹರಿದು, ಸ್ಪೀಕರಿನಲ್ಲಿ ಮತ್ತೆ ಅಲುಗಾಟವಾಗುತ್ತದೆ. ಆ ಅಲುಗಾಟವು ಕೋಣೆಯ ಗಾಳಿಯನ್ನು ತುಂಬಿ ಕಿವಿಯನ್ನು ಸೇರುತ್ತದೆ. ಈ ಪಯಣದಲ್ಲಿ ಶಕ್ತಿಯು ಎಲ್ಲಿ ಒಂದು ರೂಪವನ್ನು ಬಿಟ್ಟು ಇನ್ನೊಂದನ್ನು ತಾಳುವುದೋ, ಎಲ್ಲಿ ತೂಕವುಳ್ಳ ವಸ್ತುವೊಂದು ಕ್ಷಣಕ್ಕೆ ಸಾವಿರಾರು ಸಲ ದಿಕ್ಕು ಬದಲಿಸಬೇಕಾಗುವುದೋ, ಅಲ್ಲಿ ನಾದವು ಕೆಡುವ ಸಂಭವ ಬಹಳ. ವಿದ್ಯುತ್ತು ವಿದ್ಯುತ್ತಾಗಿಯೇ ಸಾಗುವ ಕಡೆ ಆ ಸಂಭವ ಬಹಳ ಕಡಮೆ. ಈ ಒಂದು ಮಾತನ್ನು ಹಿಡಿದುಕೊಂಡು ಮುಳ್ಳಿನಿಂದ ಕಿವಿಯ ತನಕ ಒಮ್ಮೆ ನಡೆದು ಬರೋಣ.

ಮೊದಲು ಮುಳ್ಳು. ೧೯೪೮ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯವರು ನಿಮಿಷಕ್ಕೆ ೩೩⅓ ಸುತ್ತು ತಿರುಗುವ ಎಲ್.ಪಿ. ತಟ್ಟೆಯನ್ನು ಹೊರತಂದರು. ಅದರ ಹೊರ ಅಂಚಿನಲ್ಲಿ ಗೀರು ಸೆಕೆಂಡಿಗೆ ಸುಮಾರು ೫೧ ಸೆಂಟಿಮೀಟರು ವೇಗದಲ್ಲಿ ಮುಳ್ಳಿನ ಕೆಳಗೆ ಸರಿಯುತ್ತದೆ; ಒಳಗಿನ ಸುತ್ತುಗಳಿಗೆ ಬಂದಾಗ ವೇಗವು ೨೧ ಸೆಂಟಿಮೀಟರಿಗೆ ಇಳಿಯುತ್ತದೆ. ಸೆಕೆಂಡಿಗೆ ೧೦,೦೦೦ ಕಂಪನಗಳುಳ್ಳ ಒಂದು ಸ್ವರಾಂಶವನ್ನು ತೆಗೆದುಕೊಳ್ಳಿ. ತಾಳದ ಕಿಣಿಕಿಣಿಯಲ್ಲಿ ಇಂತಹವು ಧಾರಾಳವಾಗಿರುವುವು. ಹೊರ ಅಂಚಿನಲ್ಲಿ ಅದರ ಒಂದು ಅಲೆ ೫೧ ಮೈಕ್ರಾನು ಉದ್ದವಿದ್ದರೆ, ಒಳಗೆ ಬಂದಾಗ ೨೧ ಮೈಕ್ರಾನಿಗೆ ಕುಗ್ಗುತ್ತದೆ. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ದುಂಡನೆಯ ಮುಳ್ಳಿನ ತುದಿಯ ತ್ರಿಜ್ಯವೇ ೧೮ ಮೈಕ್ರಾನಿರುವಾಗ, ಇಷ್ಟು ಇಕ್ಕಟ್ಟಾದ ತಿರುವುಗಳಲ್ಲಿ ಅದು ಹೇಗೆ ನುಸುಳಬೇಕು? ಎತ್ತಿನ ಗಾಡಿಯನ್ನು ಬಳೆಗಾರರ ಓಣಿಯಲ್ಲಿ ತಿರುಗಿಸಿದಂತೆಯೇ ಸರಿ. ತಟ್ಟೆಯ ಕೊನೆಯ ಹಾಡು ಮೊದಲನೆಯದಕ್ಕಿಂತ ಸ್ವಲ್ಪ ಮಂಕಾಗಿಯೋ ಒರಟಾಗಿಯೋ ಕೇಳಿಸುವುದಕ್ಕೆ ಇದೇ ಕಾರಣ, ಗಾಯಕರ ದಣಿವಲ್ಲ. ತುದಿಯನ್ನು ದುಂಡಗೆ ಬಿಡದೆ ಅಂಡಾಕಾರವಾಗಿ, ಗೀರಿನ ಗೋಡೆಗೆ ತೆಳುವಾದ ಪಕ್ಕವನ್ನು ಒಡ್ಡುವಂತೆ ಕಡೆದ ಮುಳ್ಳುಗಳು ಈ ತೊಂದರೆಯನ್ನು ಬಹಳಮಟ್ಟಿಗೆ ತಗ್ಗಿಸುತ್ತವೆ. ಇಲ್ಲಿ ಕೊಟ್ಟ ಹಣಕ್ಕೆ ಕಿವಿಗೆ ಕೇಳಿಸುವಂತಹ ಫಲವುಂಟು.

ಮುಳ್ಳಿನ ಮೇಲಣ ಭಾರ ಎರಡು ಗ್ರಾಮಿನ ಸುಮಾರು. ಅತ್ಯಲ್ಪವೆಂದು ತೋರಬಹುದು. ಆದರೆ ಅದು ಗೀರಿನ ಎರಡು ಗೋಡೆಗಳನ್ನು ಮುಟ್ಟುವ ತಾಣಗಳು ಐದೈದು ಮೈಕ್ರಾನು ಉದ್ದಗಲವೆಂದು ಇಟ್ಟುಕೊಂಡರೂ, ಒತ್ತಡವು ಚದರ ಸೆಂಟಿಮೀಟರಿಗೆ ೪,೦೦೦ ಕಿಲೋಗ್ರಾಮಿನಷ್ಟಾಗುವುದು. ವಾಚಕರು ಲೆಕ್ಕ ಮಾಡಿ ನೋಡಬಹುದು. ಹೀಗಿರುವಲ್ಲಿ ಮುಳ್ಳು ನುಣುಪಾಗಿರುವ ತನಕ ತಟ್ಟೆ ಸಹಿಸಿಕೊಳ್ಳುತ್ತದೆ; ಮುಳ್ಳು ಸವೆದು ಅದರ ಇಕ್ಕೆಲಗಳಲ್ಲಿ ಚಪ್ಪಟೆಯಾದ ಮುಖಗಳೂ ಅವಕ್ಕೆ ಹರಿತವಾದ ಅಂಚುಗಳೂ ಮೂಡಿದೊಡನೆ ಅದು ಮುಳ್ಳಲ್ಲ, ಉಳಿ. ನೀಲಮಣಿಯ ತುದಿ ಸುಮಾರು ೫೦ ಗಂಟೆಗಳ ಬಳಕೆಯಲ್ಲಿ ಈ ಸ್ಥಿತಿಗೆ ಬರುವುದು. ವಜ್ರದ ತುದಿ ೫೦೦ರಿಂದ ೧,೦೦೦ ಗಂಟೆಗಳವರೆಗೆ ಬಾಳುವುದು. ಅಟ್ಟದಿಂದಿಳಿದ ಪ್ಲೇಯರಿನ ಮುಳ್ಳು ಎಷ್ಟು ಗಂಟೆ ದುಡಿದಿದೆಯೆಂದು ಅಜ್ಜನಿಗೂ ತಿಳಿದಿರಲಾರದು. ಅದನ್ನು ಬದಲಿಸುವ ಮುನ್ನ ಒಂದು ತಟ್ಟೆಯನ್ನೂ ಹಾಕಬಾರದು.

ಇನ್ನು ೭೮ ಸುತ್ತಿನ ಹಳೆಯ ತಟ್ಟೆಗಳ ವಿಷಯ. ಅವು ಅರಗಿಗೆ ಕಲ್ಲಿನ ಪುಡಿಯನ್ನು ಬೆರಸಿ ಒತ್ತಿದಂತಹವು. ಅಂದಿನ ಭೋಂಗಿನ ಯಂತ್ರದಲ್ಲಿ ಮುಳ್ಳಿನ ಮೇಲೆ ನೂರು ಗ್ರಾಮಿಗೂ ಮೀರಿದ ಭಾರವಿರುತ್ತಿತ್ತು. ತಟ್ಟೆಯಲ್ಲಿದ್ದ ಪುಡಿಯೇ ಉಕ್ಕಿನ ಮುಳ್ಳನ್ನು ಮಸೆದು ಗೀರಿಗೆ ಹೊಂದಿಸುತ್ತಿತ್ತು. ಆದುದರಿಂದಲೇ ಒಂದು ಮಗ್ಗುಲಿಗೆ ಒಂದು ಮುಳ್ಳೆಂದು ನಿಯಮವಿದ್ದುದು. ಇವುಗಳ ಗೀರು ಅಗಲವಾದುದು. ಇದಕ್ಕೆ ೭೫ ಮೈಕ್ರಾನು ತ್ರಿಜ್ಯದ ಮುಳ್ಳು ಬೇಕು. ಎಲ್.ಪಿ.ಯ ಸಣ್ಣ ಮುಳ್ಳನ್ನು ಇದರಲ್ಲಿ ಇಳಿಸಿದರೆ ಅದು ತಳದ ಕಸದಲ್ಲಿ ಹೊರಳಾಡುವುದು; ಇದರ ದಪ್ಪ ಮುಳ್ಳನ್ನು ಎಲ್.ಪಿ.ಯ ಮೇಲಿಟ್ಟರೆ ಗೀರಿನ ತುಟಿಗಳನ್ನೇ ಕೆರೆಯುವುದು. ಶುಚಿಗೊಳಿಸುವಾಗಲೂ ಎಚ್ಚರ ಬೇಕು. ಅರಗು ಮದ್ಯಸಾರದಲ್ಲಿ ಕರಗುವುದೆಂಬುದನ್ನು ಮರಕ್ಕೆ ಮೆರುಗು ಹಚ್ಚುವವರೆಲ್ಲ ಬಲ್ಲರು. ಸ್ಪಿರಿಟ್ ಬೆರೆತ ದ್ರಾವಣದಿಂದ ೭೮ರ ತಟ್ಟೆಯನ್ನು ಒರಸಿದರೆ ಧೂಳಿನೊಡನೆ ಸಂಗೀತವೂ ಬಟ್ಟೆಗೆ ಹತ್ತಿಕೊಳ್ಳುವುದು. ಬಟ್ಟಿಯಿಳಿಸಿದ ನೀರೂ ಮೃದುವಾದ ಕುಂಚವೂ ಸಾಕು.

ಇಲ್ಲಿ ನಮ್ಮದೇ ಒಂದು ಅವಿವೇಕವನ್ನು ಹೇಳದಿರಲಾರೆವು. ನಾವು ಕಾಲೇಜಿನಲ್ಲಿದ್ದಾಗ ಮನೆಯಲ್ಲಿ ವೀಣೆಯ ಒಂದು ಎಲ್.ಪಿ. ಇತ್ತು. ತಂದೆಯವರು ಬಹುಮಟ್ಟಿಗೆ ದಿನವೂ ಸಂಜೆ ಅದನ್ನು ಹಾಕಿಸಿಕೊಂಡು ಕೇಳುವರು. ಕೆಲಕಾಲದ ಮೇಲೆ ತಾರಸ್ಥಾಯಿಯ ಮೀಟುಗಳಲ್ಲೆಲ್ಲ ಒಂದು ಬಗೆಯ ಕರಕರ ಕೇಳಿಸತೊಡಗಿತು. ಅಂಗಡಿಯವರೊಬ್ಬರು ಸ್ಪೀಕರಿನ ತಂತಿ ಹಳೆಯದಾದುದೇ ಕಾರಣವೆಂದರು. ಹೊಸ ತಂತಿಯನ್ನು ಜೋಡಿಸಿ ಕೇಳಿಸಿಯೂ ತೋರಿಸಿದರು. ವ್ಯತ್ಯಾಸ ಸ್ಪಷ್ಟವಾಗಿತ್ತು. ಎರಡು ತಿಂಗಳ ಕೈಖರ್ಚಿನ ಹಣವನ್ನು ಕೊಟ್ಟು ಅದನ್ನು ತಂದೆವು. ಹೊಸ ಮುಳ್ಳಿನ ಬೆಲೆ ಅದರ ಐದರಲ್ಲೊಂದು ಪಾಲಿತ್ತು. ಆದರೆ ಆ ಯೋಚನೆ ನಮಗೆ ಹೊಳೆದುದು ಮುಂದಿನ ಮಳೆಗಾಲಕ್ಕೆ. ಅಷ್ಟರವರೆಗೆ ಸವೆದ ಮುಳ್ಳು ದಿನಕ್ಕೊಂದು ಸಲ ಆ ತಟ್ಟೆಯನ್ನು ಉಳಿಯಂತೆ ಕೆತ್ತುತ್ತಲೇ ಇತ್ತು.

ತಟ್ಟೆಯನ್ನು ತಿರುಗಿಸುವ ಯಂತ್ರದ ಕೆಲಸ ಒಂದೇ: ಒಂದೇ ವೇಗದಲ್ಲಿ, ನಡುಗದೆ ತಿರುಗಿಸುವುದು. ನಮ್ಮ ಸಂಗೀತಕ್ಕೆ ಇದರ ಮಹತ್ತ್ವ ಇನ್ನೂ ಹೆಚ್ಚು. ಪಾಶ್ಚಾತ್ಯ ವಾದ್ಯಮೇಳದ ಗದ್ದಲದಲ್ಲಿ ಮುಚ್ಚಿಹೋಗಬಹುದಾದ ವೇಗದ ಏರುಪೇರು, ಹಿನ್ನೆಲೆಯಲ್ಲಿ ತಂಬೂರಿ ಮಿಡಿಯುತ್ತಿರುವಾಗ ಬಯಲಾಗಿಬಿಡುವುದು. ಶ್ರುತಿಯೆಂಬುದು ಅಳತೆಗೋಲಿನಂತೆ ಎದುರಿಗೇ ನಿಂತಿದೆಯಷ್ಟೆ. ವೇಗ ಶೇಕಡ ಆರರಷ್ಟು ಹೆಚ್ಚಿದರೆ ಸ್ವರವು ಒಂದು ಸ್ವರಸ್ಥಾನದಷ್ಟು ಮೇಲೇರುತ್ತದೆ. ತಟ್ಟೆಯ ನಡುವಣ ರಂಧ್ರ ಅರ್ಧ ಮಿಲಿಮೀಟರು ಆಚೀಚೆಯಾಗಿ ಕೊರೆಯಲ್ಪಟ್ಟಿದ್ದರೆ, ಒಳಗಿನ ಸುತ್ತುಗಳಲ್ಲಿ ಸ್ವರವು ಶೇಕಡ ೦.೮ರಷ್ಟು ಏರಿ ಅಷ್ಟೇ ಇಳಿಯುವುದು, ಎಲ್.ಪಿ.ಯಲ್ಲಿ ಈ ತೂಗಾಟ ೧.೮ ಸೆಕೆಂಡಿಗೊಮ್ಮೆ ಮರುಕಳಿಸುವುದು. ಗಮಕವಿಲ್ಲದೆ ನಿಂತ ಷಡ್ಜಕ್ಕೆ ಯಂತ್ರವೇ ಗಮಕವನ್ನು ಕೊಟ್ಟಂತಾಯಿತು! ಇದು ತಟ್ಟೆಯ ದೋಷ. ಯಂತ್ರಕ್ಕೆ ಎಷ್ಟು ಬೆಲೆ ಕೊಟ್ಟರೂ ಹೋಗದು. ಆದರೆ ಎಳೆದುಹೋದ ರಬ್ಬರು ಪಟ್ಟಿ, ಎಣ್ಣೆ ಕಾಣದ ಅಚ್ಚು ಇವುಗಳಿಂದ ಬರುವ ತೂಗಾಟವನ್ನು ಕೆಲವೇ ರೂಪಾಯಿಗಳಲ್ಲಿ ಸರಿಪಡಿಸಬಹುದು. ೭೮ರ ತಟ್ಟೆಗಳಲ್ಲಿ ಮೊದಮೊದಲಿನವು ನಿಜವಾಗಿ ೭೮ರ ವೇಗದಲ್ಲಿಯೇ ಮುದ್ರಿತವಾದುವೆಂದು ನಂಬುವಂತಿಲ್ಲ. ೧೯೦೨ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತನ ಮುಂದೆ ಹಾಡಿದ ಗೌಹರ್ ಜಾನ್, ಮುಂದೆ ಮೈಸೂರಿನ ಅರಮನೆಯ ವಿದುಷಿಯಾಗಿ ಬಂದು, ೧೯೩೦ರಲ್ಲಿ ಆ ಊರಿನಲ್ಲಿಯೇ ತೀರಿಕೊಂಡರು. ಅಂತಹವರ ತಟ್ಟೆಯನ್ನು ಹಾಕುವಾಗ ವೇಗವನ್ನು ಹೆಚ್ಚು ಕಡಮೆ ಮಾಡಬಲ್ಲ ಯಂತ್ರವಿದ್ದರೆ ಬಹಳ ಒಳ್ಳೆಯದು. ಅವರ ಕಂಠದ ನಿಜವಾದ ಸ್ಥಾಯಿಯನ್ನು ಕಿವಿಯಿಂದಲೇ ಅರಸಬೇಕಾಗುತ್ತದೆ.

ಆಂಪ್ಲಿಫೈಯರಿನ ವಿಚಾರದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದುದಿಲ್ಲ. ಒಂದು ಸಂಗತಿ ಮಾತ್ರ ತಿಳಿದಿರಬೇಕು. ತಟ್ಟೆಯನ್ನು ಮುದ್ರಿಸುವಾಗ ಮಂದ್ರದ ಸ್ವರಗಳನ್ನು ತಗ್ಗಿಸಿ, ತಾರದವನ್ನು ಏರಿಸಿ ಕೆತ್ತುತ್ತಾರೆ. ಇಲ್ಲದಿದ್ದರೆ ಮಂದ್ರದ ಅಗಲವಾದ ಅಲೆಗಳು ಪಕ್ಕದ ಗೀರಿಗೆ ನುಗ್ಗುವುವು, ತಾರದ ಸೂಕ್ಷ್ಮಗಳು ತಟ್ಟೆಯ ಮರಮರ ಶಬ್ದದಲ್ಲಿ ಮುಳುಗುವುವು. ೧೯೫೪ರ ಹೊತ್ತಿಗೆ ಇದಕ್ಕೆ ಒಂದೇ ಕ್ರಮ ಗೊತ್ತಾಯಿತು. ನುಡಿಸುವಾಗ ಇದನ್ನು ತಿರುಗುಮುರುಗು ಮಾಡುವ ವಿಶೇಷ ಭಾಗವೊಂದು ಆಂಪ್ಲಿಫೈಯರಿನಲ್ಲಿಯೋ ಪ್ಲೇಯರಿನಲ್ಲಿಯೋ ಇರಬೇಕು. ಅದಿಲ್ಲದ ಕಿಂಡಿಗೆ ತಂತಿಯನ್ನು ಸಿಕ್ಕಿಸಿ, ‘ತಟ್ಟೆಯ ನಾದ ಸೊಳ್ಳೆಯ ನಾದದಂತಿದೆ’ ಎಂದು ದೂರುವವರನ್ನು ನಾವು ಕಂಡಿದ್ದೇವೆ. ಅದೊಂದು ಸರಿಯಿದ್ದರೆ ಉಳಿದುದೆಲ್ಲ ಸುಲಭ. ಹೆರಾಲ್ಡ್ ಬ್ಲ್ಯಾಕ್ ೧೯೨೭ರಲ್ಲಿ ಒಂದು ಉಪಾಯವನ್ನು ಕಂಡುಹಿಡಿದನು. ಹೊರಬಂದ ವಿದ್ಯುತ್ತಿನ ಒಂದಂಶವನ್ನು ತಲೆಕೆಳಗು ಮಾಡಿ ಮತ್ತೆ ಒಳಕ್ಕೆ ಕೊಟ್ಟರೆ, ಯಂತ್ರವು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದು. ಇದನ್ನು ಬಳಸಿ ವಿಲಿಯಮ್‌ಸನ್ ಎಂಬ ಇಂಜಿನಿಯರು ೧೯೪೭ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ನಕ್ಷೆಯಂತೆ ಕಟ್ಟಿದ ಆಂಪ್ಲಿಫೈಯರಿನಲ್ಲಿ, ೧೫ ವ್ಯಾಟಿನ ಬಲದಲ್ಲಿಯೂ ನಾದದ ವಿಕಾರ ಸಾವಿರದಲ್ಲೊಂದು ಪಾಲನ್ನು ಮೀರುತ್ತಿರಲಿಲ್ಲ. ೧೯೭೮ರಲ್ಲಿ ಜೇಮ್ಸ್ ಮೊಯಿರ್ ಎಂಬವರು ಇಂಗ್ಲೆಂಡಿನಲ್ಲಿ ಒಂದು ವಾಲ್ವಿನ ಆಂಪ್ಲಿಫೈಯರನ್ನೂ ಎರಡು ಟ್ರಾನ್ಸಿಸ್ಟರಿನವನ್ನೂ ಮರೆಯಲ್ಲಿಟ್ಟು ನುರಿತ ಕೇಳುಗರಿಗೆ ಕೇಳಿಸಿದಾಗ, ಯಾವುದು ಯಾವುದೆಂದು ಅವರು ಗುರುತಿಸಲಾರದೆ ಹೋದರು. ಬಲದ ಬಗ್ಗೆಯೂ ಭ್ರಾಂತಿ ಬೇಡ: ೧೦ ವ್ಯಾಟಿನ ಬದಲು ೨೦ ವ್ಯಾಟನ್ನು ಕೊಂಡರೆ ಹೆಚ್ಚುವುದು ಮೂರು ಡೆಸಿಬೆಲ್ ಮಾತ್ರ. ನಾದವು ಇಮ್ಮಡಿಯಾದಂತೆ ಕೇಳಿಸಬೇಕಾದರೆ ಹತ್ತು ಪಾಲು ವ್ಯಾಟು ಬೇಕು.

ಈಗ ತಂತಿಗೆ ಬರೋಣ. ಓಮನ ನಿಯಮವನ್ನು ಪ್ರೌಢಶಾಲೆಯಲ್ಲಿ ಓದಿದವರಿಗೆ ಈ ವ್ಯವಹಾರದಲ್ಲಿ ಯಾರೂ ಮೋಸಮಾಡಲಾರರು. ಮುಕ್ಕಾಲು ಚದರ ಮಿಲಿಮೀಟರು ದಪ್ಪದ ಸಾಮಾನ್ಯ ತಾಮ್ರದ ತಂತಿಯ ರೋಧ ಮೀಟರಿಗೆ ೦.೦೨೩ ಓಮು. ಸ್ಪೀಕರು ಐದು ಮೀಟರು ದೂರದಲ್ಲಿದ್ದರೆ ಹೋಗಿಬರುವ ತಂತಿ ಹತ್ತು ಮೀಟರು, ರೋಧ ೦.೨೩ ಓಮು. ಸ್ಪೀಕರಿನದು ೮ ಓಮು. ತಂತಿಯಲ್ಲಿ ನಷ್ಟವಾಗುವುದು ಕಾಲು ಡೆಸಿಬೆಲ್ಲಿನಷ್ಟು. ಒಂದೂವರೆ ಚದರ ಮಿಲಿಮೀಟರಿನ ತಂತಿಯಾದರೆ ಅದರ ಅರ್ಧ. ಕೂದಲೆಳೆಯಂತಹ ತಂತಿಯನ್ನು ಬಳಸಿದರೆ ನಷ್ಟವು ಒಂದು ಡೆಸಿಬೆಲ್ಲಿನ ಹತ್ತಿರಕ್ಕೆ ಬರುವುದುಂಟು. ಆಗ ಸ್ಪೀಕರಿನ ಪ್ರತಿರೋಧ ಸ್ವರದಿಂದ ಸ್ವರಕ್ಕೆ ಬದಲಾಗುವ ಕಾರಣ ನಾದದ ಬಣ್ಣವೂ ಸ್ವಲ್ಪ ಬದಲಾಗಬಹುದು. ಆದುದರಿಂದ ವಿದ್ಯುದ್ದೀಪಕ್ಕೆ ಎಳೆಯುವ ಸಾಧಾರಣ ತಾಮ್ರದ ತಂತಿಯನ್ನು ಕೊಂಡು, ತುದಿಗಳನ್ನು ಕೆರೆದು ಶುಚಿಮಾಡಿ, ಬಿಗಿಯಾಗಿ ಕಟ್ಟಿದರೆ ಕೆಲಸ ಮುಗಿಯಿತು. ರೇಷ್ಮೆಯ ಹೊದಿಕೆಗೂ ಬೆಳ್ಳಿಯ ಲೇಪಕ್ಕೂ ಈ ಲೆಕ್ಕದಲ್ಲಿ ಸ್ಥಳವಿಲ್ಲ.

ಹಾಗೆಂದು ಎಲ್ಲ ತಂತಿಯೂ ಒಂದೇ ಎಂದು ನಾವು ಹೇಳುವುದಿಲ್ಲ. ಪಿಕಪ್ಪಿನಿಂದ ಆಂಪ್ಲಿಫೈಯರಿಗೆ ಬರುವ ಕಿರುತಂತಿಯ ಮಾತು ಬೇರೆ. ಅದರಲ್ಲಿ ಹರಿಯುವುದು ವೋಲ್ಟಿನ ಸಾವಿರದ ಐದು ಪಾಲಿನಷ್ಟು ಸಣ್ಣ ಒತ್ತಡ. ಗೋಡೆಯೊಳಗಿನ ವಿದ್ಯುತ್ತಿನ ೫೦ ಕಂಪನಗಳ ಗುಂಯ್‌ಗುಟ್ಟುವಿಕೆ ಇದರೊಳಗೆ ಸುಲಭವಾಗಿ ನುಸುಳುವುದು; ಸುತ್ತಲೂ ಲೋಹದ ಬಲೆಯಿರುವ ತಂತಿಯೇ ಬೇಕು, ಭೂಸಂಪರ್ಕದ ತಂತಿ ಸಡಿಲವಾಗಿರಕೂಡದು. ಈ ತಂತಿ ಬಹಳ ಉದ್ದವಾದರೆ ಅದರ ವಿದ್ಯುದ್ಧಾರಣೆಯು ಪಿಕಪ್ಪಿನ ಸುರುಳಿಯೊಡನೆ ಸೇರಿ ತಾರದ ಸ್ವರಗಳನ್ನು ಕೆಡಿಸುವುದೂ ಉಂಟು. ಗಿಡ್ಡಗಿದ್ದಷ್ಟೂ ಒಳ್ಳೆಯದು, ಗಿಡ್ಡ ತಂತಿಗೆ ಬೆಲೆಯೂ ಕಡಮೆ.

ಮೂಲನಿಷ್ಠೆಯ ದೊಡ್ಡ ಪರೀಕ್ಷೆ ನಡೆಯುವುದು ಸ್ಪೀಕರಿನಲ್ಲಿ. ಇಲ್ಲಿ ವಿದ್ಯುತ್ತು ಮತ್ತೆ ಚಲನೆಯಾಗಬೇಕು. ಅಯಸ್ಕಾಂತದ ನಡುವೆ ತೂಗಿಬಿಟ್ಟ ತಂತಿಸುರುಳಿ, ಅದಕ್ಕಂಟಿದ ಕಾಗದದ ಶಂಕು: ೧೯೨೫ರಲ್ಲಿ ರೈಸ್ ಮತ್ತು ಕೆಲಾಗ್ ಎಂಬ ಅಮೆರಿಕದ ಇಂಜಿನಿಯರುಗಳು ರೂಪಿಸಿದ ಈ ವ್ಯವಸ್ಥೆಯೇ ಇಂದಿಗೂ ಬಹುಪಾಲು ಸ್ಪೀಕರುಗಳಲ್ಲಿದೆ. ಮಂದ್ರದಲ್ಲಿ ೫೦ ಕಂಪನಗಳ ಸ್ವರದ ಅಲೆ ಗಾಳಿಯಲ್ಲಿ ಸುಮಾರು ಏಳು ಮೀಟರು ಉದ್ದ; ತಾರದಲ್ಲಿ ೧೦,೦೦೦ ಕಂಪನಗಳದು ಮೂರೂವರೆ ಸೆಂಟಿಮೀಟರು. ಇವೆರಡನ್ನೂ ಒಂದೇ ಶಂಕುವಿನಿಂದ ಹೊರಡಿಸುವುದೆಂದರೆ ಒಂದೇ ಕೈಯಿಂದ ಒನಕೆಯನ್ನೂ ಸೂಜಿಯನ್ನೂ ಆಡಿಸಿದಂತೆ. ಅದಕ್ಕಾಗಿಯೇ ಮಂದ್ರಕ್ಕೊಂದು ದೊಡ್ಡ ಶಂಕು, ತಾರಕ್ಕೊಂದು ಪುಟ್ಟ ಬುರುಡೆಯೆಂದು ಹಂಚಿಕೊಡುತ್ತಾರೆ. ಆಂಪ್ಲಿಫೈಯರಿನ ತಪ್ಪು ಡೆಸಿಬೆಲ್ಲಿನ ಸಣ್ಣ ಪಾಲುಗಳಲ್ಲಿದ್ದರೆ, ಒಳ್ಳೆಯ ಸ್ಪೀಕರಿನ ತಪ್ಪೂ ಎರಡು ಮೂರು ಡೆಸಿಬೆಲ್ಲುಗಳಷ್ಟಿರುವುದು. ಕೆಟ್ಟದರದನ್ನು ಕೇಳುವುದೇ ಬೇಡ.

ಶಂಕುವಿಗೆ ಪೆಟ್ಟಿಗೆ ಏಕೆಂದು ತಿಳಿಯಬೇಕಾದರೆ ಹಳೆಯ ರೇಡಿಯೋದ ಸ್ಪೀಕರನ್ನು ಬಿಚ್ಚಿ, ತಂತಿಯನ್ನು ಕೀಳದೆ, ಕೈಯಲ್ಲಿ ಹಿಡಿದು ಕೇಳಿ. ಮೃದಂಗದ ಎಡಮಗ್ಗುಲು ಮಾಯವಾಗಿರುವುದು. ಶಂಕು ಮುಂದಕ್ಕೆ ಗಾಳಿಯನ್ನು ಒತ್ತಿದಾಗ ಹಿಂದೆ ಅಷ್ಟೇ ಗಾಳಿ ತೆರವಾಗುತ್ತದೆ. ಮುಂದಿನದು ಅಂಚನ್ನು ಸುತ್ತಿ ಹಿಂದಕ್ಕೆ ಹರಿದು ಒಂದನ್ನೊಂದು ಅಳಿಸಿಬಿಡುವುವು. ಒಂದು ರಟ್ಟಿನ ನಡುವೆ ತೂತು ಕೊರೆದು ಸ್ಪೀಕರನ್ನು ಅದಕ್ಕೆ ಒತ್ತಿ ಹಿಡಿದೊಡನೆ ಮಂದ್ರ ಮರಳಿ ಬರುವುದು. ಪೆಟ್ಟಿಗೆ ಮಾಡುವುದೂ ಇದನ್ನೇ. ೧೯೫೪ರಲ್ಲಿ ಎಡ್ಗರ್ ವಿಲ್ಚರ್ ಎಂಬಾತನು, ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ, ಬೀರುವಿನಷ್ಟು ದೊಡ್ಡ ಪೆಟ್ಟಿಗೆಗಳಿಂದ ಮಾತ್ರ ಹೊರಡುತ್ತಿದ್ದ ಮಂದ್ರವನ್ನು ಪುಸ್ತಕದ ಕಪಾಟಿನಲ್ಲಿ ಹಿಡಿಸುವಂತೆ ಮಾಡಿದನು. ೧೯೬೧ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್ ಎಂಬವರು ಪೆಟ್ಟಿಗೆಯ ಗಣಿತವನ್ನು ಬಿಡಿಸಿಟ್ಟ ಮೇಲೆ ಬಡಗಿಯ ಊಹೆಯ ಬದಲು ಲೆಕ್ಕದಿಂದಲೇ ಅದನ್ನು ಕಟ್ಟುವುದು ಸಾಧ್ಯವಾಯಿತು. ಒಂದು ಮಾತನ್ನು ನೆನಪಿಡಬೇಕು: ವೀಣೆಯ ಕೊಡಕ್ಕೆ ತನ್ನದೇ ನಾದವಿರಬೇಕು, ಸ್ಪೀಕರಿನ ಪೆಟ್ಟಿಗೆಗೆ ಇರಕೂಡದು. ಕೊಡವು ನಾದವನ್ನು ಹುಟ್ಟಿಸುವ ವಾದ್ಯದ ಅಂಗ. ಪೆಟ್ಟಿಗೆಯು ಬೇರೊಬ್ಬರ ನಾದವನ್ನು ತಲುಪಿಸುವ ದೂತ. ಬೆರಳಿನಿಂದ ತಟ್ಟಿದಾಗ ಡಬಡಬನೆ ಮೊಳಗುವ ಪೆಟ್ಟಿಗೆಯು ಎಲ್ಲ ವಾದ್ಯಗಳಿಗೂ ತನ್ನ ದನಿಯನ್ನು ಬೆರಸುವುದು. ಭಾರವಾದ ಹಲಗೆ, ಒಳಗೆ ಅಡ್ಡಪಟ್ಟಿ, ಸ್ವಲ್ಪ ಹತ್ತಿ: ಇವು ದುಬಾರಿಯಾದ ಸಾಮಗ್ರಿಗಳಲ್ಲ.

ಸ್ಪೀಕರಿನಿಂದ ಹೊರಟ ನಾದವು ನೇರವಾಗಿ ಕಿವಿಗೆ ಬರುವುದು ಸ್ವಲ್ಪ. ಉಳಿದುದು ಗೋಡೆ, ನೆಲ, ಸೂರುಗಳಿಗೆ ಬಡಿದು ಬರುವುದು. ಕೋಣೆಯೂ ಹೈ-ಫೈ ಯಂತ್ರದ ಒಂದು ಭಾಗವೆಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಅದು ಅವರಲ್ಲಿ ಮಾರಾಟಕ್ಕಿಲ್ಲವಷ್ಟೆ. ೧೮೯೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಹೊಸ ಉಪನ್ಯಾಸ ಮಂದಿರದಲ್ಲಿ ಮಾತು ಅರ್ಥವಾಗುತ್ತಿಲ್ಲವೆಂಬ ದೂರು ಬಂತು. ಆಡಿದ ಮಾತು ಐದೂವರೆ ಸೆಕೆಂಡುಗಳವರೆಗೆ ಅಲ್ಲಿಯೇ ಸುತ್ತುತ್ತಿತ್ತು. ಅದನ್ನು ಸರಿಪಡಿಸಲು ನಿಯುಕ್ತನಾದ ವಾಲೆಸ್ ಸಾಬೈನ್ ಎಂಬ ತರುಣ ಅಧ್ಯಾಪಕನು ಇನ್ನೊಂದು ನಾಟಕಶಾಲೆಯ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಊರೆಲ್ಲ ಮಲಗಿದ ಮೇಲೆ ಒಂದು ಆರ್ಗನ್ ಕೊಳವೆಯನ್ನು ಊದಿ ನಿಲ್ಲಿಸಿ, ನಾದವು ಅಡಗುವ ಕಾಲವನ್ನು ತನ್ನ ಕಿವಿಯಿಂದಲೇ ಅಳೆದನು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂದಿರುಗಿಸುವನು. ಹೀಗೆ ಹುಟ್ಟಿತು ಅವನ ಸೂತ್ರ: ಕೋಣೆಯ ಘನಮೀಟರುಗಳನ್ನು ೦.೧೬೧ರಿಂದ ಗುಣಿಸಿ, ಕೋಣೆಯ ಒಟ್ಟು ಹೀರುವಿಕೆಯಿಂದ ಭಾಗಿಸಿದರೆ, ಅನುರಣನದ ಕಾಲ ಸೆಕೆಂಡುಗಳಲ್ಲಿ ದೊರೆಯುವುದು. ಹೀರುವಿಕೆಯ ಮಾನ ತೆರೆದ ಕಿಟಕಿ. ಅದರಿಂದ ಹೊರಹೋದ ನಾದ ಮತ್ತೆ ಬರುವುದಿಲ್ಲ.

ನಮ್ಮ ಕಡೆಯ ಒಂದು ಮನೆಗೆ ಇದನ್ನು ಅನ್ವಯಿಸಿ ನೋಡೋಣ. ಐದು ಮೀಟರು ಉದ್ದ, ನಾಲ್ಕು ಅಗಲ, ಮೂರು ಎತ್ತರದ ಪಡಸಾಲೆ. ಗಾರೆಯ ಗೋಡೆ, ಕಾವಿಯ ನೆಲ. ಘನ ಅಳತೆ ೬೦. ಮೈ ೯೪ ಚದರ ಮೀಟರು. ಅದು ತನ್ನ ಮೇಲೆ ಬಿದ್ದುದರಲ್ಲಿ ನೂರಕ್ಕೆ ಮೂರು ಪಾಲನ್ನು ಮಾತ್ರ ಹೀರುವುದೆಂದರೆ ಒಟ್ಟು ೨.೮. ಅನುರಣನ ಮೂರು ಸೆಕೆಂಡಿಗೂ ಮಿಕ್ಕುವುದು. ದ್ರುತದ ಸ್ವರಗಳು ಒಂದರ ಮೇಲೊಂದು ಬಿದ್ದು ಗೊಜ್ಜಾಗಲು ಇಷ್ಟು ಸಾಕು. ಈಗ ನೆಲಕ್ಕೆ ಜಮಖಾನ, ಮೂಲೆಗೆ ಹತ್ತಿಯ ಹಾಸಿಗೆ, ಬಾಗಿಲಿಗೆ ದಪ್ಪ ಪರದೆ, ಗೋಡೆಗೆ ಪುಸ್ತಕದ ಕಪಾಟು. ಒಂದೆರಡು ಕಿಟಕಿ ತೆರೆದಿರಲಿ, ಮನೆಯ ನಾಲ್ವರು ಕುಳಿತುಕೊಳ್ಳಲಿ. ಹೀರುವಿಕೆ ೧೯ಕ್ಕೆ ಏರುವುದು. ಅನುರಣನ ಅರ್ಧ ಸೆಕೆಂಡಿಗೆ ಇಳಿಯುವುದು. ಯಾವ ಅಂಗಡಿಯ ಯಾವ ಪದಾರ್ಥವೂ ಇಷ್ಟು ಅಂತರವನ್ನು ತರಲಾರದು. ಮಂದ್ರ ಮಾತ್ರ ಜಮಖಾನಕ್ಕೆ ಬಗ್ಗುವುದಿಲ್ಲ. ಐದು ಮೀಟರು ಉದ್ದದ ಕೋಣೆ ೩೪ ಕಂಪನಗಳಿಗೂ ಅದರ ಮಡಿಗಳಿಗೂ ಕೊಳಲಿನಂತೆ ಅನುನಾದಗೊಳ್ಳುವುದು. ಮೂಲೆಯಲ್ಲಿಟ್ಟ ಸ್ಪೀಕರು ಇದನ್ನು ಇನ್ನಷ್ಟು ಕೆರಳಿಸುವುದು. ಸ್ಪೀಕರನ್ನು ಮೂಲೆಯಿಂದ ಒಂದು ಮೊಳ ಈಚೆಗೆ ಎಳೆದು, ಕುರ್ಚಿಯನ್ನು ಹಿಂದಿನ ಗೋಡೆಯಿಂದ ಮುಂದಕ್ಕೆ ಸರಿಸಿ ಕೇಳಿ ನೋಡಬೇಕು. ಇದಕ್ಕೆ ಬೆಲೆಯಿಲ್ಲ.

ಕೊನೆಗೆ ಉಳಿದುದು ಕಿವಿ. ಎಲ್ಲಕ್ಕಿಂತ ಸೂಕ್ಷ್ಮವಾದುದೂ ಎಲ್ಲಕ್ಕಿಂತ ಸುಲಭವಾಗಿ ಮೋಸಹೋಗುವುದೂ ಇದೇ. ಸದ್ದು ಕಡಮೆಯಿರುವಾಗ ನಮ್ಮ ಕಿವಿಗೆ ಮಂದ್ರ ಸರಿಯಾಗಿ ಕೇಳಿಸದೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ೧೯೩೩ರಲ್ಲಿ ಅಳೆದು ತೋರಿಸಿದರು. ೧,೦೦೦ ಕಂಪನಗಳ ಸ್ವರವೊಂದು ೪೦ ಡೆಸಿ‌ಬೆಲ್ಲಿನಲ್ಲಿ ಮೆಲ್ಲಗೆ ಕೇಳಿಸುತ್ತಿರುವಾಗ, ೧೦೦ ಕಂಪನಗಳ ಸ್ವರವೂ ಅಷ್ಟೇ ಕೇಳಿಸಬೇಕಾದರೆ ಅದಕ್ಕೆ ಇಪ್ಪತ್ತಕ್ಕೂ ಹೆಚ್ಚು ಡೆಸಿಬೆಲ್ ಕೂಡಿಸಬೇಕು. ಆದುದರಿಂದ ಸದ್ದನ್ನು ಕೊಂಚ ಏರಿಸಿದೊಡನೆ ನಾದ ತುಂಬಿಕೊಂಡಂತೆ, ವಿವರಗಳು ಮೂಡಿದಂತೆ ತೋರುವುದು. ಒಂದು ಡೆಸಿಬೆಲ್ಲಿನ ಏರಿಕೆಯನ್ನು ಕಿವಿಯು ‘ಹೆಚ್ಚು ಜೋರು’ ಎಂದು ಗುರುತಿಸುವುದಿಲ್ಲ; ‘ಹೆಚ್ಚು ಚೆನ್ನ’ ಎಂದು ಗುರುತಿಸುತ್ತದೆ. ನಮಗೆ ಹೊಸ ತಂತಿಯನ್ನು ಕೇಳಿಸಿದವರು ನಡುವೆ ಗುಂಡಿಯನ್ನು ಮುಟ್ಟಿದ್ದರೋ ಇಲ್ಲವೋ ನಾವು ನೋಡಲಿಲ್ಲ. ನೋಡಬೇಕೆಂಬುದೇ ತಿಳಿದಿರಲಿಲ್ಲ.

ಕಣ್ಣು ಸೇರಿದರಂತೂ ಕಿವಿಯ ಸಾಕ್ಷ್ಯ ಇನ್ನೂ ದುರ್ಬಲ. ೧೯೧೫ರಿಂದ ಹತ್ತು ವರ್ಷ ಕಾಲ ಎಡಿಸನ್ನನ ಸಂಸ್ಥೆಯವರು ಸಭಾಭವನಗಳಲ್ಲಿ ದೀಪವಾರಿಸಿ, ಗಾಯಕಿಯೂ ಆಕೆಯ ತಟ್ಟೆಯೂ ಸರದಿಯಲ್ಲಿ ಹಾಡುವಂತೆ ಮಾಡಿ, ‘ಯಾವುದು ಯಾರು ಹೇಳಿ’ ಎಂದು ಸಭಿಕರನ್ನು ಬೆರಗುಗೊಳಿಸುತ್ತಿದ್ದರು. ತಾವು ತಮ್ಮ ಕಂಠವನ್ನು ಯಂತ್ರದ ದನಿಗೆ ಸರಿಹೊಂದಿಸಿ ಹಾಡುತ್ತಿದ್ದುದಾಗಿ ಆ ಗಾಯಕಿಯರಲ್ಲಿ ಒಬ್ಬರಾದ ಆನಾ ಕೇಸ್ ಬಹುಕಾಲದ ಮೇಲೆ ತಿಳಿಸಿದರು! ೧೯೯೪ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು ೪೦ ಮಂದಿಗೆ ನಾಲ್ಕು ಸ್ಪೀಕರುಗಳನ್ನು ಒಮ್ಮೆ ಪರದೆಯ ಮರೆಯಲ್ಲಿಯೂ ಒಮ್ಮೆ ಕಣ್ಣೆದುರಿಗೂ ಕೇಳಿಸಿದರು. ಕಂಡು ಕೇಳಿದಾಗ ಚಿಕ್ಕದಾದ ಅಗ್ಗದ ಸ್ಪೀಕರಿಗೆ ಅಂಕಗಳು ಇಳಿದುವು, ದೊಡ್ಡವು ಮೇಲುಗೈಯಾದುವು. ಕಾಣದೆ ಕೇಳಿದಾಗ ಈ ಭೇದ ಹಾಗಿರಲಿಲ್ಲ.

ಹೀಗಾಗಿ ಯಾವ ಪದಾರ್ಥವನ್ನಾದರೂ ಪರೀಕ್ಷಿಸುವ ಕ್ರಮ ಹೀಗೆ. ಎರಡರ ಸದ್ದನ್ನೂ ಅಳೆದು ಸಮಮಾಡಿ. ಗೆಳೆಯನೊಬ್ಬನು ಪರದೆಯ ಹಿಂದೆ ನಾಣ್ಯವನ್ನು ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕಂತೆ ಹಳೆಯದನ್ನೋ ಹೊಸದನ್ನೋ ಜೋಡಿಸಲಿ. ನೀವು ಯಾವುದೆಂದು ಬರೆದಿಡಿ. ಹತ್ತು ಸಲ ಹೀಗೆ ಮಾಡಿ. ಬರಿಯ ಊಹೆಯಿಂದ ಒಂಬತ್ತೋ ಹತ್ತೋ ಸರಿಯಾಗುವ ಸಂಭವ ೧,೦೨೪ರಲ್ಲಿ ೧೧ ಮಾತ್ರ. ಅಷ್ಟು ಸರಿಯಾದರೆ ವ್ಯತ್ಯಾಸ ನಿಜವೆಂದು ನಂಬಬಹುದು.

ನಮ್ಮ ಮನೆಯಲ್ಲಿ ಪರದೆಯ ಹಿಂದೆ ಕುಳಿತವಳು ತಂಗಿ. ಹಳೆಯ ತಂತಿ, ಹೊಸ ತಂತಿಗಳಲ್ಲಿ ನಾವು ಸರಿಯಾಗಿ ಗುರುತಿಸಿದುದು ಹತ್ತರಲ್ಲಿ ಐದು. ಹಳೆಯ ಮುಳ್ಳು, ಹೊಸ ಮುಳ್ಳುಗಳನ್ನು ಬೇರೊಂದು ತಟ್ಟೆಯ ಮೇಲೆ ಕೇಳಿದಾಗ ಹತ್ತಕ್ಕೆ ಹತ್ತು. ತಂದೆಯವರೂ ಹತ್ತಕ್ಕೆ ಹತ್ತು. ಅನಂತರ ಅವರು ವೀಣೆಯ ಎಲ್.ಪಿ.ಯನ್ನು ಹಾಕಲು ಹೇಳಿದರು. ಹೊಸ ಮುಳ್ಳಿನ ಕೆಳಗೂ ತಾರಸ್ಥಾಯಿ ಕರಕರಗುಟ್ಟಿತು. ಅವರು ಒಂದು ಮಗ್ಗುಲನ್ನು ಪೂರ್ತಿಯಾಗಿ ಕೇಳಿ, ಏನೂ ಹೇಳದೆ, ತಟ್ಟೆಯನ್ನು ಅದರ ಚೀಲದೊಳಗೆ ಇರಿಸಿದರು. ಆ ತಂತಿ ಇಂದಿಗೂ ನಮ್ಮ ಬಳಿ ಇದೆ. ವಿದ್ಯುತ್ತನ್ನು ಚೆನ್ನಾಗಿಯೇ ಒಯ್ಯುತ್ತದೆ.